ಎಷ್ಟು ಬಿಗಿದರೆ ಸಾಕು

ನಮ್ಮ ಬಚ್ಚಲುಮನೆಯ ನಲ್ಲಿ ಸೋರತೊಡಗಿ ಒಂದು ವರ್ಷಕ್ಕೂ ಹೆಚ್ಚು ಕಾಲವಾಗಿತ್ತು. ಹಗಲಿನಲ್ಲಿ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಮನೆಯ ಸದ್ದೆಲ್ಲ ಅಡಗಿದ ಮೇಲೆ, ತಳದಲ್ಲಿ ಸ್ವಲ್ಪ ನೀರು ನಿಂತ ಬಕೆಟ್ಟಿನೊಳಕ್ಕೆ ಹನಿ ಬೀಳುವ ಶಬ್ದ ಮಾತ್ರ ಮಲಗುವ ಕೋಣೆಯವರೆಗೂ ಕೇಳಿಸುತ್ತಿತ್ತು. ಎದ್ದು ಹೋಗಿ ನಲ್ಲಿಯ ತಿರುಪನ್ನು ಇನ್ನೊಂದಿಷ್ಟು ಬಿಗಿ ಮಾಡಿ ಬಂದರೆ ನಿಲ್ಲುತ್ತಿತ್ತು. ಮೊದಮೊದಲು ಬೆರಳುಗಳ ಬಲವೇ ಸಾಕಾಗುತ್ತಿತ್ತು. ಕೆಲವು ತಿಂಗಳ ಮೇಲೆ ಇಡೀ ಅಂಗೈಯ ಬಲ ಬೇಕಾಯಿತು. ಕೊನೆಕೊನೆಗೆ ಹಿಡಿಗೆ ಬಟ್ಟೆ ಸುತ್ತಿ, ಎರಡೂ ಕೈಗಳಿಂದ ತಿರುಚಿದರೆ ಮಾತ್ರ ಹನಿ ನಿಲ್ಲುತ್ತಿತ್ತು. ಕೀಲುನೋವಿರುವ ಅಮ್ಮನಿಗೆ ಅದನ್ನು ಮುಚ್ಚುವುದು ಸಾಧ್ಯವೇ ಆಗದೆ, ಸ್ನಾನ ಮುಗಿದ ಮೇಲೆ ಬಾಗಿಲ ಸಂದಿಯಿಂದ ನನ್ನನ್ನು ಕೂಗುತ್ತಿದ್ದಳು. ಒಂದು ರಾತ್ರಿ ನಿದ್ದೆ ಬಾರದೆ, ಒಂದು ಲೀಟರಿನ ಅಳತೆಯ ಮಗ್ಗನ್ನು ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿದೆ. ಅದು ತುಂಬಲು ಎರಡೂವರೆ ಗಂಟೆ ಹಿಡಿಯಿತು. ಅಂದರೆ ದಿನಕ್ಕೆ ಸುಮಾರು ಹತ್ತು ಲೀಟರ್. ಹನಿಹನಿಗೂಡಿ ಹಳ್ಳವಾಗುವುದನ್ನು ಮಗ್ಗಿನಲ್ಲಿ ಅಳೆದು ನೋಡಿದ ಮೇಲೆ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಆ ನಲ್ಲಿಯನ್ನು ಕೊನೆಗೆ ನಾನೇ ಬದಲಾಯಿಸಿದೆ. ಅದಕ್ಕೂ ಮೊದಲು ಜೀವನದಲ್ಲಿ ಒಂದು ನಲ್ಲಿಯನ್ನೂ ಬಿಚ್ಚಿದವಳಲ್ಲ. ಕೆಲಸ ಮುಗಿದು ತಿಂಗಳುಗಳೇ ಕಳೆದರೂ ಒಂದು ಸಂಗತಿ ಮಾತ್ರ ಮನಸ್ಸಿನಿಂದ ಹೋಗಿಲ್ಲ. ಸೋರಿಕೆಯನ್ನು ತಡೆಯಲೆಂದು ಪ್ರತಿರಾತ್ರಿ ನಾನು ಹಾಕುತ್ತಿದ್ದ ಬಲವೇ ಆ ನಲ್ಲಿಯನ್ನು ಕೆಡಿಸುತ್ತಿತ್ತು. ಅಲ್ಲದೆ, ಹೊಸ ನಲ್ಲಿಯನ್ನು ಕೂರಿಸುವಾಗ ನಾನು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಅದೇ ನಂಬಿಕೆಯಿಂದ ಹುಟ್ಟಿದವು: ನೀರನ್ನು ತಡೆಯುವುದು ಬಿಗಿ ಎಂಬ ನಂಬಿಕೆ.

ಒಳಗಿನ ಕರಿಯ ಬಿಲ್ಲೆ

ಹಳೆಯ ಬಗೆಯ ತಿರುಪಿನ ನಲ್ಲಿಯ ಒಳಗೆ ನೀರು ಮೇಲೆ ಬರುವ ಒಂದು ದುಂಡನೆಯ ರಂಧ್ರವಿರುತ್ತದೆ. ಆ ರಂಧ್ರದ ಅಂಚನ್ನು ಸೀಟು ಎನ್ನುತ್ತಾರೆ. ನಾವು ಹಿಡಿಯನ್ನು ತಿರುಗಿಸಿದಾಗ ಅದಕ್ಕೆ ಸೇರಿದ ತಿರುಪಿನ ಕಡ್ಡಿ, ಅಂದರೆ ಸ್ಪಿಂಡಲ್, ಕೆಳಗಿಳಿದು, ತನ್ನ ತುದಿಯಲ್ಲಿರುವ ರಬ್ಬರಿನ ವಾಷರನ್ನು ಸೀಟಿನ ಮೇಲೆ ಒತ್ತುತ್ತದೆ. ಹಿತ್ತಾಳೆಯ ಮೇಲೆ ಹಿತ್ತಾಳೆಯನ್ನು ಎಷ್ಟೇ ಬಲವಾಗಿ ಒತ್ತಿದರೂ ಎರಡರ ನಡುವೆ ನೀರು ನುಸುಳುವಷ್ಟು ಸಂದು ಉಳಿದೇ ಉಳಿಯುತ್ತದೆ. ಆ ಸಂದನ್ನು ತುಂಬುವುದು ರಬ್ಬರಿನ ಮೆದುತನ. ವಾಷರ್ ಹೊಸದಾಗಿರುವಾಗ ಅದನ್ನು ಮುಟ್ಟಿದಷ್ಟು ಒತ್ತಿದರೆ ಸಾಕು. ವರ್ಷಗಳು ಕಳೆದಂತೆ ರಬ್ಬರು ಗಟ್ಟಿಯಾಗುತ್ತದೆ, ಆಗ ಒಂದು ಹನಿ ತಪ್ಪಿಸಿಕೊಳ್ಳುತ್ತದೆ, ನಾವು ಇನ್ನಷ್ಟು ಒತ್ತುತ್ತೇವೆ, ಸೀಟಿನ ಅಂಚು ರಬ್ಬರಿನೊಳಕ್ಕೆ ಇಳಿದು ಅದನ್ನು ಕೊಯ್ಯುತ್ತದೆ.

ನಲ್ಲಿಯ ತಲೆಯನ್ನು ಬಿಚ್ಚಿ ಆ ಕರಿಯ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಾಗ, ಅದರ ಮುಖದ ಮೇಲೆ ಒಂದು ಉಂಗುರದ ಗುರುತು ಆಳವಾಗಿ ಕೊರೆದಿತ್ತು. ಒಂದು ಕಡೆ ಆ ಉಂಗುರ ರಬ್ಬರನ್ನು ಪೂರ್ತಿ ಸೀಳಿ, ಒಳಗಿನ ತುಂಡು ಎಳೆಯೊಂದರ ಮೇಲೆ ಜೋತಾಡುತ್ತಿತ್ತು. ಪ್ರತಿರಾತ್ರಿಯ ನನ್ನ ಅಂಗೈಯ ಬಲವೆಲ್ಲ ಹೋಗಿ ಕೂತ ಜಾಗವದು. ಅದನ್ನು ನೋಡುತ್ತ ಕೂತಾಗ ಅಮ್ಮ ನನ್ನನ್ನು ಕೂಗಿ ಕರೆಯುತ್ತಿದ್ದುದು ನೆನಪಾಗಿ ಬೇಸರವಾಯಿತು. ಮೊದಲ ತಿಂಗಳಲ್ಲೇ ಇದನ್ನು ಬಿಚ್ಚಿ ನೋಡಿದ್ದರೆ, ಅವಳ ಕೈಗೆ ಅಷ್ಟು ದಿನ ನೋವಾಗುತ್ತಿರಲಿಲ್ಲ.

ಮೊದಲು ವಾಷರನ್ನಷ್ಟೇ ಬದಲಾಯಿಸಿದೆ. ಯಾರೇ ಕೇಳಿದರೂ ನಾನು ಹೇಳುವುದು ಅದನ್ನೇ: ಇಡೀ ನಲ್ಲಿಯನ್ನು ಕೀಳುವ ಮುನ್ನ ಈ ಬಿಲ್ಲೆಯನ್ನು ಬದಲಾಯಿಸಿ ನೋಡಬೇಕು, ಏಕೆಂದರೆ ಬಹಳಷ್ಟು ನಲ್ಲಿಗಳ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ. ನನ್ನದು ಮುಗಿಯಲಿಲ್ಲ. ಮೂರು ವಾರ ಸುಮ್ಮನಿದ್ದು ಮತ್ತೆ ಹನಿ ಶುರುವಾಯಿತು. ಟಾರ್ಚ್ ಹಿಡಿದು ಸೀಟನ್ನು ನೋಡಿದರೆ, ಅದರ ಅಂಚಿನಲ್ಲಿ ಉಗುರಿಗೆ ತಾಗುವಷ್ಟು ಒಂದು ಕಚ್ಚು ಬಿದ್ದಿತ್ತು. ಸಣ್ಣ ಸಂದಿಯಲ್ಲಿ ಒತ್ತಡದಿಂದ ನುಗ್ಗುವ ನೀರು, ತನ್ನ ಜೊತೆಗೆ ತರುವ ಮರಳಿನ ಕಣಗಳೊಂದಿಗೆ ಸೇರಿ, ವರ್ಷಗಟ್ಟಲೆ ಒಂದೇ ಕಡೆ ಹರಿದರೆ ಹಿತ್ತಾಳೆಯನ್ನೂ ಸವೆಸುತ್ತದೆ. ಸೀಟನ್ನು ಮತ್ತೆ ನಯ ಮಾಡುವ ಉಪಕರಣವೂ ಇದೆ. ಆದರೆ ಸ್ಪಿಂಡಲ್‌ನ ಥ್ರೆಡ್ಡೂ, ಅಂದರೆ ತಿರುಪಿನ ಸುರುಳಿ ಏಣುಗಳೂ, ಸವೆದು ಹಿಡಿ ಅಲುಗಾಡುತ್ತಿದ್ದುದರಿಂದ, ಹೊಸ ನಲ್ಲಿಯನ್ನೇ ಹಾಕುವುದೆಂದು ತೀರ್ಮಾನಿಸಿದೆ.

ಅರ್ಧ ಇಂಚು ಎಂಬ ಹೆಸರು

ಹೊಸ ನಲ್ಲಿ ತರುವ ಮುನ್ನ ಹಳೆಯದರ ಅಳತೆ ತೆಗೆಯಬೇಕಲ್ಲವೇ? ಗೋಡೆಯಲ್ಲೇ ಇದ್ದ ನಲ್ಲಿಯ ಥ್ರೆಡ್ ಸ್ವಲ್ಪ ಹೊರಗೆ ಕಾಣುತ್ತಿತ್ತು. ಸ್ಕೇಲ್ ಹಿಡಿದು ನೋಡಿದೆ. ಅಡ್ಡಳತೆ ಸುಮಾರು 21 ಮಿಲಿಮೀಟರ್. ಅರ್ಧ ಇಂಚೆಂದರೆ 12.7 ಮಿಲಿಮೀಟರ್, ಮುಕ್ಕಾಲು ಇಂಚೆಂದರೆ 19 ಮಿಲಿಮೀಟರ್. ಹಾಗಾಗಿ ನನ್ನದು ಮುಕ್ಕಾಲು ಇಂಚಿನ ನಲ್ಲಿಯೇ ಇರಬೇಕು, ಸ್ಕೇಲ್ ಸರಿಯಾಗಿ ಹಿಡಿಯಲಾಗದೆ ಎರಡು ಮಿಲಿಮೀಟರ್ ಹೆಚ್ಚು ಕಂಡಿದೆ ಎಂದು ಬರೆದಿಟ್ಟುಕೊಂಡೆ. ಅದು ತಪ್ಪು. ಬಿಎಸ್‌ಪಿ (ಬ್ರಿಟಿಷ್ ಸ್ಟ್ಯಾಂಡರ್ಡ್ ಪೈಪ್) ಎಂದು ಕರೆಯುವ ಪೈಪ್ ಥ್ರೆಡ್ಡಿನಲ್ಲಿ ಅರ್ಧ ಇಂಚಿನದರ ಹೊರ ಅಳತೆಯೇ 20.96 ಮಿಲಿಮೀಟರ್, ಮುಕ್ಕಾಲು ಇಂಚಿನದು 26.4 ಮಿಲಿಮೀಟರ್. ಹೆಸರಿನಲ್ಲಿರುವ ಅರ್ಧ ಇಂಚು ಥ್ರೆಡ್ಡಿನ ಅಳತೆಯಲ್ಲ. ಹಿಂದಿನ ಕಾಲದ ದಪ್ಪ ಗೋಡೆಯ ಕಬ್ಬಿಣದ ಪೈಪಿನ ಒಳಗಂಡಿಯ ಅಳತೆ ಅದು. ಪೈಪುಗಳು ಬದಲಾದವು, ಗೋಡೆಗಳು ತೆಳುವಾದವು, ಹೆಸರು ಮಾತ್ರ ಉಳಿದುಕೊಂಡಿತು. ಸ್ಕೇಲನ್ನು ನಂಬುವ ಹೊಸಬರು ಇಲ್ಲಿ ಎಡವುವುದು ಸಹಜ. ಹಳೆಯ ನಲ್ಲಿಯನ್ನೇ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗುವುದು ಎಲ್ಲ ಅಳತೆಗಳಿಗಿಂತ ಒಳ್ಳೆಯದು.

ಈ ಥ್ರೆಡ್ಡಿನ ಬಗ್ಗೆ ತಿಳಿದುಕೊಂಡಷ್ಟೂ ನನಗೆ ಅದರ ಮೇಲೆ ಗೌರವ ಹೆಚ್ಚಾಯಿತು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರ್, ಒಂದೊಂದು ಕಾರ್ಖಾನೆಯೂ ತನಗೆ ತೋಚಿದಂತೆ ತಿರುಪು ಕೊರೆಯುವುದನ್ನು ಬಿಟ್ಟು ಎಲ್ಲರೂ ಒಂದೇ ಮಾದರಿಯನ್ನು ಅನುಸರಿಸಬೇಕೆಂದು ವಾದಿಸಿದರು. ಅವರು ಸೂಚಿಸಿದ 55 ಡಿಗ್ರಿ ಕೋನದ ಥ್ರೆಡ್ಡೇ ಇಂದಿಗೂ ಬಿಎಸ್‌ಪಿಯಲ್ಲಿದೆ. ಗೋಡೆಯೊಳಗೆ ಎಂದೋ ಯಾರೋ ಹುದುಗಿಸಿದ ಪೈಪಿಗೆ, ಎಲ್ಲೋ ತಯಾರಾದ ಹೊಸ ನಲ್ಲಿ ಸರಾಗವಾಗಿ ಕೂರುವುದು ಇಂಥ ಒಪ್ಪಂದದಿಂದಾಗಿ. ಉತ್ತರ ಅಮೆರಿಕದಲ್ಲಿ ಬಳಸುವ ಎನ್‌ಪಿಟಿ ಥ್ರೆಡ್ಡಿನ ಕೋನ 60 ಡಿಗ್ರಿ. ಅರ್ಧ ಇಂಚಿನ ಅಳತೆಯಲ್ಲಿ ಎರಡರಲ್ಲೂ ಒಂದು ಇಂಚಿಗೆ 14 ಸುತ್ತುಗಳೇ ಇರುವುದರಿಂದ ಒಂದರೊಳಗೊಂದು ಮೊದಲ ಕೆಲವು ಸುತ್ತು ಹೋದಂತೆ ಮಾಡುತ್ತವೆ, ಆದರೆ ಸರಿಯಾಗಿ ಕೂರುವುದಿಲ್ಲ. ಕೈಯಲ್ಲಿ ತಿರುಗಿಸುವಾಗಲೇ ಥ್ರೆಡ್ ತಡೆದರೆ ಅಲ್ಲಿಗೇ ನಿಲ್ಲಿಸಿ, ಹೊರತೆಗೆದು ನೋಡಬೇಕೇ ಹೊರತು ಸ್ಪ್ಯಾನರಿನ ಬಲದಿಂದ ಒಳಗೆ ತಳ್ಳಬಾರದು.

ಗೋಡೆಯೊಳಗಿನ ಕಾಣದ ಜಾಗ

ನೀರನ್ನು ನಿಲ್ಲಿಸುವುದೇ ಮೊದಲ ಕೆಲಸ, ಅದೇ ನನಗೆ ಒಂದು ಇಡೀ ಬೆಳಗನ್ನು ತೆಗೆದುಕೊಂಡಿತು. ನಮ್ಮಲ್ಲಿದ್ದದ್ದು ಚಕ್ರದಂಥ ಹಿಡಿಯ ಗೇಟ್ ವಾಲ್ವ್. ಅದನ್ನು ಯಾರೂ ಮುಟ್ಟಿ ಎಷ್ಟು ವರ್ಷವಾಗಿತ್ತೋ ಏನೋ, ಹಿಡಿ ಕದಲಲಿಲ್ಲ. ಇಂಥ ವಾಲ್ವನ್ನು ಒಮ್ಮೆಗೇ ಬಲ ಹಾಕಿ ತಿರುಚಿದರೆ ಒಳಗಿನ ಕಡ್ಡಿ ತುಂಡಾಗುವ ಅಪಾಯವಿದೆ, ಆಗ ನೀರು ನಿಲ್ಲಿಸುವ ದಾರಿಯೇ ಇರುವುದಿಲ್ಲ. ಸ್ವಲ್ಪ ಆಚೆ, ಸ್ವಲ್ಪ ಈಚೆ, ಮತ್ತೆ ಸ್ವಲ್ಪ ಆಚೆ ಎಂದು ಅಲುಗಾಡಿಸುತ್ತ, ನಡುನಡುವೆ ಬಿಟ್ಟು, ಮತ್ತೆ ಬಂದು ಹಿಡಿದಾಗ ನಿಧಾನವಾಗಿ ಇಳಿಯಿತು. ಇಳಿದ ಮೇಲೂ ಸೀಟಿನಲ್ಲಿ ಕೂತ ಕಸದಿಂದಾಗಿ ಪೂರ್ತಿ ಮುಚ್ಚದೆ, ನಲ್ಲಿಯಲ್ಲಿ ನೂಲಿನಂಥ ಧಾರೆ ಉಳಿದುಕೊಂಡಿತು. ಕೆಳಮಟ್ಟದ ಇನ್ನೊಂದು ನಲ್ಲಿಯನ್ನು ತೆರೆದಿಟ್ಟಾಗ ಆ ಧಾರೆ ಅತ್ತ ಹರಿದು, ನನ್ನ ಕೆಲಸದ ಜಾಗ ಒಣಗಿತು.

ಇನ್ನು ಬಿಚ್ಚುವುದು. ನಲ್ಲಿ ಗೋಡೆಗೆ ಸೇರುವಲ್ಲಿ ಕಾಣುವ ದುಂಡನೆಯ ತಟ್ಟೆಯ ಹಿಂದೆ ಏನಿದೆಯೆಂಬುದು ಹೊರಗಿನಿಂದ ತಿಳಿಯುವುದಿಲ್ಲ. ಅಲ್ಲಿ ಪೈಪನ್ನು ನಲ್ಲಿಯ ಕಡೆಗೆ ತಿರುಗಿಸುವ, ಮೊಣಕೈಯಂತೆ ಬಾಗಿದ ಒಂದು ಎಲ್ಬೋ ಇರುತ್ತದೆ, ಅದು ಗಾರೆಯಲ್ಲಿ ಹುದುಗಿರುತ್ತದೆ. ಪ್ಲಾಸ್ಟಿಕ್ ಪೈಪಾದರೆ ಎಲ್ಬೋ ಪ್ಲಾಸ್ಟಿಕ್ಕಿನದಾಗಿದ್ದು, ಒಳಗೆ ಹಿತ್ತಾಳೆಯ ಥ್ರೆಡ್ಡಿನ ಬಳೆ ಕೂರಿಸಿರುತ್ತಾರೆ. ನಾವು ಹೊರಗಿನಿಂದ ಹಾಕುವ ಪ್ರತಿಯೊಂದು ತಿರುಚೂ ಆ ಕಾಣದ ಮೂಲೆಗೆ ತಲುಪುತ್ತದೆ. ಹೊಸಬರಿಗೆ ಇರಬೇಕಾದ ಹೆದರಿಕೆ ಇದೊಂದೇ ಎಂದು ನನ್ನ ಅನಿಸಿಕೆ: ನಲ್ಲಿ ಮುರಿದರೆ ಇನ್ನೊಂದು ತರಬಹುದು, ಎಲ್ಬೋ ಬಿರಿದರೆ ಟೈಲ್ಸ್ ಒಡೆದು ಗೋಡೆ ಅಗೆಯಬೇಕು. ಹಾಗಾಗಿ ಹಿಂದೆ ನಮ್ಮ ಮನೆಗೆ ಬೇರೊಂದು ಕೆಲಸಕ್ಕೆ ಬಂದಿದ್ದ ಹಿರಿಯ ಪ್ಲಂಬರ್ ಒಬ್ಬರ ಕೈಯನ್ನು ನೆನಪಿಸಿಕೊಂಡೆ. ಅವರು ಸ್ಪ್ಯಾನರಿನ ಹಿಡಿಯ ತುದಿಯನ್ನು ಹಿಡಿಯುತ್ತಿರಲಿಲ್ಲ, ಬಾಯಿಯ ಹತ್ತಿರ, ನಡುವಿಗಿಂತಲೂ ಮುಂದಕ್ಕೆ ಹಿಡಿಯುತ್ತಿದ್ದರು. ಉದ್ದದ ಹಿಡಿ ಇರುವಾಗ ಹಾಗೇಕೆ ಹಿಡಿಯುತ್ತೀರಿ ಎಂದು ಕೇಳಿದ್ದೆ. “ತುದೀಲಿ ಹಿಡಿದರೆ ಎಷ್ಟು ಬಲ ಹಾಕ್ತಿದೀವಿ ಅಂತಲೇ ಗೊತ್ತಾಗಲ್ಲಮ್ಮ,” ಎಂದಿದ್ದರು. ಅದು ಸನ್ನೆಕೋಲಿನ ಲೆಕ್ಕ: 24 ಸೆಂಟಿಮೀಟರಿನ ತುದಿಯಲ್ಲಿ ಹಿಡಿಯುವ ಬದಲು 12 ಸೆಂಟಿಮೀಟರಿನಲ್ಲಿ ಹಿಡಿದರೆ ಅದೇ ಕೈಬಲಕ್ಕೆ ತಿರುಚು ಅರ್ಧಕ್ಕಿಳಿಯುತ್ತದೆ. ಒಳಗಿನ ಥ್ರೆಡ್ ಯಾವಾಗ ತಡೆಯಿತು, ಯಾವಾಗ ಸಡಿಲವಾಯಿತು ಎಂಬುದು ಬೆರಳಿಗೆ ತಿಳಿಯುವುದು ಹಾಗೆ ಹಿಡಿದಾಗಲೇ.

ನಲ್ಲಿ ಒಂದು ಸಣ್ಣ ಕಿರುಗುಟ್ಟುವಿಕೆಯೊಂದಿಗೆ ಕದಲಿತು, ಆದರೆ ಅದರ ಜೊತೆಗೆ ಗೋಡೆಯೊಳಗೆ ನಲ್ಲಿಯನ್ನೂ ಎಲ್ಬೋವನ್ನೂ ಸೇರಿಸುವ ಉದ್ದದ ಪೈಪಿನ ತುಂಡು, ಅಂದರೆ ನಿಪ್ಪಲ್, ಕೂಡ ತಿರುಗತೊಡಗಿತು. ಹೀಗಾಗುವುದನ್ನು ನಾನು ನಿರೀಕ್ಷಿಸಿರಲಿಲ್ಲ. ಇಂಥಲ್ಲಿ ಎರಡು ಸ್ಪ್ಯಾನರ್ ಬೇಕು: ಒಂದರಿಂದ ನಿಪ್ಪಲನ್ನು ಅಲುಗದಂತೆ ಹಿಡಿದು ಇನ್ನೊಂದರಿಂದ ನಲ್ಲಿಯನ್ನು ತಿರುಗಿಸಬೇಕು. ನನ್ನ ಬಳಿ ಇದ್ದದ್ದು ಒಂದೇ. ನಿಪ್ಪಲನ್ನೂ ಹೊರತೆಗೆದು, ಅಲ್ಲಿಯೂ ಥ್ರೆಡ್ಡಿಗೆ ಹೊಸದಾಗಿ ಟೆಫ್ಲಾನ್ ಟೇಪ್ ಸುತ್ತಬೇಕಾಯಿತು. ಸಡಿಲಗೊಂಡ ಒಂದು ಜೋಡಣೆಯನ್ನು ಹಾಗೆಯೇ ಮತ್ತೆ ಬಿಗಿದುಬಿಟ್ಟರೆ ಅದು ಗೋಡೆಯೊಳಗೆ, ಯಾರಿಗೂ ಕಾಣದಂತೆ ಸೋರುತ್ತದೆ. ಒಳಗಿನ ಥ್ರೆಡ್ಡಿನಲ್ಲಿ ಅಂಟಿಕೊಂಡಿದ್ದ ಹಳೆಯ ಟೇಪಿನ ಚೂರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ವಾಲ್ವನ್ನು ಒಂದು ಕ್ಷಣ ತೆರೆದು ಬಕೆಟ್ ಹಿಡಿದೆ. ಮೊದಲು ಬಂದ ನೀರಿನಲ್ಲಿ ತುಕ್ಕಿನ ಬಣ್ಣವೂ ಮರಳೂ ಇದ್ದವು. ಹೊಸ ನಲ್ಲಿಯ ಒಳಗಿರುವುದು ರಬ್ಬರಲ್ಲ, ಒಂದರ ಮೇಲೊಂದು ಜಾರುವ ಎರಡು ನುಣುಪಾದ ಸೆರಾಮಿಕ್ ಬಿಲ್ಲೆಗಳು. ಅವುಗಳ ನಡುವೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ನಲ್ಲಿ ಹೊಸದಿರುವಾಗಲೇ ಸೋರತೊಡಗಬಹುದು. ಈ ಒಂದು ಬಕೆಟ್ ನೀರನ್ನು ಹರಿಸುವ ಹೆಜ್ಜೆಯನ್ನು ಯಾರೂ ಬಿಡಬಾರದು.

ಕಾಲು ಸುತ್ತು

ಟೆಫ್ಲಾನ್ ಟೇಪನ್ನು ನಾನು ಅಂಟೆಂದು ತಿಳಿದಿದ್ದೆ. ಅದು ಯಾವುದಕ್ಕೂ ಅಂಟುವುದಿಲ್ಲ, ಅಂಟದಿರುವುದೇ ಅದರ ಗುಣ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿ ಫ್ರಿಜ್‌ನ ಶೀತಕಕ್ಕಾಗಿ ಅನಿಲಗಳ ಮೇಲೆ ಕೆಲಸ ಮಾಡುತ್ತಿದ್ದಾಗ, ಸಿಲಿಂಡರೊಂದರಿಂದ ಅನಿಲ ಹೊರಬರಲಿಲ್ಲ. ಕೊಯ್ದು ನೋಡಿದರೆ ಒಳಗೆ ಜಾರುವಂಥ ಬಿಳಿಯ ಪುಡಿಯಿತ್ತು. ಆ ವಸ್ತುವೇ ಈ ಟೇಪಾಗಿದೆ. ಥ್ರೆಡ್ಡುಗಳು ಒಂದಕ್ಕೊಂದು ಉಜ್ಜದೆ ಜಾರಿ ಇನ್ನಷ್ಟು ಒಳಗೆ ಹೋಗಲು ಅದು ನೆರವಾಗುತ್ತದೆ, ಜೊತೆಗೆ ಲೋಹ ಲೋಹಗಳ ನಡುವಿನ ಸುರುಳಿ ಸಂದಿಯಲ್ಲಿ ಹಿಸುಕಿಕೊಂಡು ತುಂಬುತ್ತದೆ. ಇಲ್ಲಿಯೂ ನೀರನ್ನು ತಡೆಯುವುದು ಮೆದುವಾದ ವಸ್ತುವೇ. ಥ್ರೆಡ್ಡಿನ ತುದಿ ನಮ್ಮ ಕಡೆಗಿರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತಿದರೆ, ತಿರುಗಿಸಿ ಕೂರಿಸುವಾಗ ಟೇಪ್ ಬಿಗಿಯಾಗುತ್ತ ಹೋಗುತ್ತದೆ, ಹಿಮ್ಮುಖ ಸುತ್ತಿದರೆ ಬಿಚ್ಚಿಕೊಂಡು ಮುದ್ದೆಯಾಗಿ ಹೊರಬರುತ್ತದೆ. ತುದಿಯ ಮೊದಲ ಸುತ್ತನ್ನು ಖಾಲಿ ಬಿಡಬೇಕು, ಇಲ್ಲದಿದ್ದರೆ ಟೇಪಿನ ಚೂರು ನೀರಿನ ದಾರಿಗೆ ಸೇರುತ್ತದೆ.

ನಾನು ಮೂರು ಸುತ್ತು ಸುತ್ತಿ, ನಲ್ಲಿಯನ್ನು ಕೈಯಿಂದ ಕೂರಿಸಿ, ಕ್ರೋಮಿನ ಹೊಳಪು ಕೆಡದಂತೆ ಬಟ್ಟೆಯನ್ನಿಟ್ಟು ಸ್ಪ್ಯಾನರಿನಿಂದ ಬಿಗಿದೆ. ಕೈಗೆ ಒಳ್ಳೆಯ ತಡೆ ಸಿಕ್ಕಿತು. ಆದರೆ ನಲ್ಲಿಯ ಮೂತಿ ನೇರ ಕೆಳಗೆ ಬರದೆ, ಬೇಕಾದ ಜಾಗವನ್ನು ದಾಟಿ ಎಡಕ್ಕೆ ವಾಲಿ ನಿಂತಿತ್ತು. ಆಗ ನಾನು ಮಾಡಿದ್ದು, ನನ್ನಂಥ ಹೊಸಬರು ಯಾರಾದರೂ ಮಾಡುವ ಕೆಲಸ: ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ನೇರ ಮಾಡಿದೆ. ಇಂಚಿಗೆ 14 ಸುತ್ತಿನ ಥ್ರೆಡ್ಡಿನಲ್ಲಿ ಒಂದು ಪೂರ್ತಿ ಸುತ್ತಿಗೆ ನಲ್ಲಿ ಮುಂದೆ ಹೋಗುವುದು 1.8 ಮಿಲಿಮೀಟರ್. ಕಾಲು ಸುತ್ತಿಗೆ ಅರ್ಧ ಮಿಲಿಮೀಟರೂ ಇಲ್ಲ. ಅಷ್ಟರಿಂದ ಏನಾದೀತು ಎಂದುಕೊಂಡೆ. ನೀರು ಬಿಟ್ಟ ಕೂಡಲೇ ಏನೂ ಆಗಲಿಲ್ಲ. ಮಗಳು ಟಾರ್ಚ್ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಒಂದೆರಡು ನಿಮಿಷ ಕಳೆದ ಮೇಲೆ, “ಅಮ್ಮಾ, ಆ ತಟ್ಟೆ ಬೆವರ್ತಾ ಇದೆ,” ಎಂದಳು. ಗೋಡೆಯ ತಟ್ಟೆಯ ಕೆಳ ಅಂಚಿನಲ್ಲಿ ಸಣ್ಣದೊಂದು ತೇವ ಕೂಡಿ, ಹನಿಯಾಗಿ, ಟೈಲ್ಸಿನ ಮೇಲೆ ಇಳಿಯಿತು.

ಆ ತೇವವನ್ನು ನೋಡಿ ನನ್ನ ಕೈ ತಾನಾಗಿಯೇ ಸ್ಪ್ಯಾನರಿನ ತುದಿಯನ್ನು ಹಿಡಿದುಕೊಂಡಿತು. ಇನ್ನೊಂದು ಪೂರ್ತಿ ಸುತ್ತು ಬಿಗಿದರೆ ಮೂತಿಯೂ ನೇರವಾಗುತ್ತದೆ, ನೀರೂ ನಿಲ್ಲುತ್ತದೆ ಎಂಬ ಲೆಕ್ಕ ಮನಸ್ಸಿನಲ್ಲಿ ಓಡಿತು. ವರ್ಷಪೂರ್ತಿ ರಾತ್ರಿಗಳಲ್ಲಿ ಮಾಡಿದ್ದೂ ಅದನ್ನೇ ಅಲ್ಲವೇ ಎಂದು ಹೊಳೆದದ್ದು ಆಗ. ಒಂದು ಪೂರ್ತಿ ಸುತ್ತಿನ ಬಲವನ್ನು ಒಳಗಿನ ಎಲ್ಬೋ ತಾಳುತ್ತದೆಯೋ ಇಲ್ಲವೋ ತಿಳಿಯಲು ನನಗೆ ಯಾವ ದಾರಿಯೂ ಇರಲಿಲ್ಲ. ಸ್ಪ್ಯಾನರನ್ನು ಕೆಳಗಿಟ್ಟು, ಮತ್ತೆ ವಾಲ್ವ್ ಮುಚ್ಚಿ, ನಲ್ಲಿಯನ್ನು ಪೂರ್ತಿ ಹೊರತೆಗೆದೆ. ಟೇಪನ್ನು ನೋಡಿದರೆ ಕಾರಣ ಸ್ಪಷ್ಟವಾಗಿತ್ತು. ಮುಂದಕ್ಕೆ ಹೋಗುವಾಗ ಹಿಸುಕಿಕೊಂಡು ಕೂತಿದ್ದ ಟೇಪು, ಹಿಂದಕ್ಕೆ ತಿರುಗಿಸಿದ ಕೂಡಲೇ ಥ್ರೆಡ್ಡಿನ ಒಂದು ಮಗ್ಗುಲನ್ನು ಬಿಟ್ಟುಕೊಟ್ಟಿತ್ತು. ಅಲ್ಲಿ ತೆರೆದ ಕೂದಲೆಳೆಯಷ್ಟು ಸುರುಳಿ ದಾರಿಯಲ್ಲಿ ನೀರು ಸುತ್ತಿ ಸುತ್ತಿ ಹೊರಗೆ ಬಂದಿತ್ತು. ಹಿಂದಕ್ಕೆ ತಿರುಗಿಸಿದ ಜೋಡಣೆಯನ್ನು ಬಿಚ್ಚಿ ಹೊಸ ಟೇಪ್ ಸುತ್ತುವುದಲ್ಲದೆ ಬೇರೆ ದಾರಿಯಿಲ್ಲ.

ಎರಡನೆಯ ಸಲ ಆರು ಸುತ್ತು ಸುತ್ತಿದೆ. ಮೂತಿ ನೇರವಾಗುವ ಮೊದಲೇ, ಬಲಕ್ಕೆ ವಾಲಿದ್ದಾಗಲೇ ಗಟ್ಟಿ ತಡೆ ಬಂತು. ಅಲ್ಲಿಂದ ಮುಂದೆ ತಳ್ಳಲು ಧೈರ್ಯವಾಗಲಿಲ್ಲ. ಮತ್ತೆ ಬಿಚ್ಚಿದೆ. ಮೂರನೆಯ ಸಲ ಐದು ಸುತ್ತು. ಕೈಬಲ ಮುಗಿದ ಮೇಲೆ ಸ್ಪ್ಯಾನರಿನ ಬಾಯಿಯ ಹತ್ತಿರ ಹಿಡಿದು ಒಂದು ಸುತ್ತಿಗಿಂತ ಸ್ವಲ್ಪ ಹೆಚ್ಚು ತಿರುಗಿಸಿದಾಗ, ತಡೆ ಏರುತ್ತ ಬಂದು ಮೂತಿ ನೇರ ಕೆಳಗೆ ನಿಂತಿತು. ಎಲ್ಲರ ಮನೆಯಲ್ಲೂ ಐದೇ ಸುತ್ತು ಎಂದು ಇದರ ಅರ್ಥವಲ್ಲ. ಟೇಪಿನ ದಪ್ಪ, ಥ್ರೆಡ್ಡಿನ ಸವೆತ, ನಲ್ಲಿಯ ಅಚ್ಚು ಎಲ್ಲವೂ ಸೇರಿ ಆ ಸಂಖ್ಯೆಯನ್ನು ನಿರ್ಧರಿಸುತ್ತವೆ. ದಿಕ್ಕನ್ನು ಸರಿಪಡಿಸುವುದು ಸ್ಪ್ಯಾನರಿನ ಬಲದಿಂದಲ್ಲ, ಟೇಪಿನ ಸುತ್ತುಗಳಿಂದ ಎಂಬುದಷ್ಟೇ ನನಗೆ ತಿಳಿದದ್ದು. ನೀರು ಬಿಟ್ಟು, ತಟ್ಟೆಯ ಕೆಳಗೆ ಒಂದು ತೆಳು ಕಾಗದದ ತುಂಡನ್ನು ಸಿಕ್ಕಿಸಿ ರಾತ್ರಿಯಿಡೀ ಬಿಟ್ಟೆ. ಕಣ್ಣಿಗೆ ಕಾಣದ ತೇವವೂ ಅಂಥ ಕಾಗದದಲ್ಲಿ ಕಲೆಯಾಗಿ ಮೂಡುತ್ತದೆ. ಬೆಳಿಗ್ಗೆ ಅದರಲ್ಲಿ ಕಲೆಯಿರಲಿಲ್ಲ. ಆದರೂ ಒಂದು ವಾರ ಅದನ್ನು ಅಲ್ಲಿಯೇ ಇಟ್ಟಿದ್ದೆ, ಏಕೆಂದರೆ ಗೋಡೆಯೊಳಗಿನ ನಿಪ್ಪಲಿನ ಜೋಡಣೆಯ ಸೋರಿಕೆ ಹೊರಗೆ ಬರಲು ದಿನಗಳು ಬೇಕಾಗಬಹುದು.

ಹೊಸ ನಲ್ಲಿಗೆ ಉದ್ದನೆಯ ಹಿಡಿ, ಕಾಲು ಸುತ್ತಿಗೆ ತೆರೆದು ಕಾಲು ಸುತ್ತಿಗೆ ಮುಚ್ಚುತ್ತದೆ. ಅಮ್ಮನಿಗಾಗಿಯೇ ಆರಿಸಿದ್ದು, ಬೆರಳು ಮಡಿಸದೆ ಮುಂಗೈಯ ಹಿಂಬದಿಯಿಂದ ತಳ್ಳಿದರೂ ಸಾಕು. ಸೆರಾಮಿಕ್ ಬಿಲ್ಲೆಗಳಿಗೆ ನಮ್ಮ ಒತ್ತಡ ಬೇಕಿಲ್ಲ, ಒಂದರ ತೂತು ಇನ್ನೊಂದರ ತೂತಿನಿಂದ ಪಕ್ಕಕ್ಕೆ ಸರಿದರೆ ನೀರು ನಿಂತಂತೆಯೇ. ಒಂದೇ ಎಚ್ಚರಿಕೆ, ಹಿಡಿಯನ್ನು ಥಟ್ಟನೆ ತಳ್ಳಿದರೆ ಪೈಪಿನಲ್ಲಿ ಓಡುತ್ತಿದ್ದ ನೀರು ಒಮ್ಮೆಗೇ ತಡೆದು ಗೋಡೆಯೊಳಗೆ ‘ಧಡ್’ ಎಂಬ ಸದ್ದಾಗುತ್ತದೆ. ಆ ಪೆಟ್ಟು ಬೀಳುವುದು ನಾನು ಅಷ್ಟು ಜೋಪಾನ ಮಾಡಿದ ಅದೇ ಎಲ್ಬೋಗಳ ಮೇಲೆ. ನಿಧಾನವಾಗಿ ಮುಚ್ಚಿರೆಂದು ಮನೆಯವರಿಗೆಲ್ಲ ಹೇಳಿದ್ದೇನೆ.

ಮೊದಲ ದಿನ ಸ್ನಾನ ಮುಗಿಸಿದ ಅಮ್ಮ ಅಭ್ಯಾಸದಂತೆ ಕೂಗಿದಳು. ಹೋಗಿ ನೋಡಿದರೆ ನಲ್ಲಿ ಮುಚ್ಚಿಯೇ ಇತ್ತು. “ಮುಚ್ಚಿತೋ ಇಲ್ಲವೋ ಅಂತ ಕೈಗೆ ಗೊತ್ತೇ ಆಗಲ್ಲವಲ್ಲೇ,” ಎಂದಳು. ಇಷ್ಟು ವರ್ಷ ನೀರು ನಿಂತಿತೆಂಬುದಕ್ಕೆ ಅವಳ ಕೈಗೆ ಗುರುತಾಗಿದ್ದದ್ದು ಆ ನೋವಿನ ಬಿಗಿ ಒಂದೇ. ಮುಚ್ಚಿದ ಮೇಲೂ ಮೂತಿಯಲ್ಲಿ ನಿಂತ ನೀರು ನಾಲ್ಕೈದು ಹನಿಯಾಗಿ ಬೀಳುತ್ತದೆ, ಅದು ಸೋರಿಕೆಯಲ್ಲ, ಆಮೇಲೆ ತಾನೇ ನಿಲ್ಲುತ್ತದೆ ಎಂದು ಹೇಳಿದೆ. ನನ್ನ ಮಾತಿಗೆ ತಲೆದೂಗಿದಳು, ಆದರೆ ಕದಲಲಿಲ್ಲ. ಟವೆಲ್ ಹೆಗಲ ಮೇಲೆ ಹಾಕಿಕೊಂಡು, ಬಕೆಟ್ಟಿನೊಳಕ್ಕೆ ಬೀಳುತ್ತಿದ್ದ ಹನಿಗಳನ್ನು ಎಣಿಸುತ್ತ ನಿಂತಳು, ನಾನೂ ಅವಳ ಪಕ್ಕದಲ್ಲಿ ನಿಂತೆ. ಐದನೆಯದರ ಮೇಲೆ ಬಹಳ ಹೊತ್ತಿನ ತನಕ ಇನ್ನೊಂದು ಬೀಳಲಿಲ್ಲ.